ಹಿಂದೆ ನಿಂತವನ ನಾಲ್ಕು ತಂತಿ

ರಾಕ್ ಸಂಗೀತವೆಂದರೆ ಮೂಗು ಮುರಿಯುವ ಗೆಳತಿಯರು ನನಗೆ ಬಹಳ ಮಂದಿ. "ಕೂದಲು ಕೆದರಿಕೊಂಡು ಕಿರುಚುವುದು" ಎಂಬಲ್ಲಿಗೆ ಅವರ ವಿಮರ್ಶೆ ಮುಗಿಯುತ್ತದೆ. ಅವರನ್ನೆಲ್ಲ ರಾಕ್ ಭಕ್ತರನ್ನಾಗಿ ಮಾಡುವ ಹಟ ನನಗಿಲ್ಲ. ನನ್ನ ಜಗಳವೇ ಬೇರೆ. ಆ ಸಂಗೀತವನ್ನು ಮೆಚ್ಚುವವರು, ಹಳಿಯುವವರು, ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಆರ್ಕೆಸ್ಟ್ರಾ ಕರೆಸುವವರು, ಎಲ್ಲರೂ ಸೇರಿ ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡುತ್ತಿದ್ದಾರೆ. ವೇದಿಕೆಯ ಮೇಲೆ ಡ್ರಮ್ಸ್ ಪಕ್ಕದಲ್ಲಿ, ಅರ್ಧ ಬೆಳಕು ಅರ್ಧ ನೆರಳಿನಲ್ಲಿ, ಉದ್ದ ಕತ್ತಿನ ಗಿಟಾರು ಹಿಡಿದು ತಲೆ ತಗ್ಗಿಸಿ ನಿಂತಿರುತ್ತಾನಲ್ಲ, ಅವನಿಗೆ. ಅವನು ಬೇಸ್ ಗಿಟಾರ್ ನುಡಿಸುವವನು.

"ಹಾಗೆ ಒಬ್ಬನಿರುತ್ತಾನೆಯೇ?" ಎಂದು ನೀವು ಕೇಳಿದರೆ ನನ್ನ ವಾದಕ್ಕೆ ಮೊದಲ ಸಾಕ್ಷಿ ನೀವೇ.

ನಿಮಗೆ ಗೊತ್ತಿರುವ ಹಾಡಿನಿಂದಲೇ ಶುರುಮಾಡೋಣ. 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಚಿತ್ರ ಬಂತು. ಸಂಗೀತ ಇಳಯರಾಜ ಅವರದು. ಅದರ 'ಜೊತೆಯಲಿ ಜೊತೆ ಜೊತೆಯಲಿ' ಹಾಡನ್ನು ಗುನುಗದ ಹೆಂಗಸು ನಮ್ಮ ತಲೆಮಾರಿನಲ್ಲಿ ಇರಲಾರಳು. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದರು. ಚಿ. ಉದಯಶಂಕರ್ ಬರೆದರು. ಇವೆಲ್ಲ ನಮಗೆ ಬಾಯಿಪಾಠ. ಆದರೆ ಆ ಹಾಡು ಕುದುರೆಯ ಹಾಗೆ ಹಗುರಾಗಿ ನೆಗೆಯುತ್ತಾ ಹೋಗುವುದು ಯಾವ ಬಲದ ಮೇಲೆ? ಇನ್ನೊಮ್ಮೆ ಕೇಳಿ. ಮಾತನ್ನು ಬಿಟ್ಟು, ಪಿಟೀಲುಗಳನ್ನು ಬಿಟ್ಟು, ಎಲ್ಲಕ್ಕಿಂತ ಕೆಳಗೆ ದಪ್ಪ ದನಿಯಲ್ಲಿ ನಡೆಯುತ್ತಿರುವುದಕ್ಕೆ ಕಿವಿ ಕೊಡಿ. ಅಲ್ಲೊಂದು ಬೇರೆಯೇ ಹಾಡು ನಡೆಯುತ್ತಿದೆ. ಅದಕ್ಕೂ ಏರಿಳಿತವಿದೆ, ತುಂಟತನವಿದೆ. ಗಾಯಕರು ಉಸಿರೆಳೆದುಕೊಳ್ಳುವ ಜಾಗದಲ್ಲಿ ಅದು ಎರಡು ಹೆಜ್ಜೆ ಹೆಚ್ಚಾಗಿ ಹಾಕುತ್ತದೆ. ನಲವತ್ತು ವರ್ಷ ನಾವು ಈ ಹಾಡಿಗೆ ಕಾಲು ಕುಣಿಸಿದ್ದು ಅದರ ದೆಸೆಯಿಂದ. ಆ ಕಾಲದ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ಗಾಯಕರು, ಗೀತರಚನೆಕಾರರು, ಸಂಗೀತ ನಿರ್ದೇಶಕರು, ಕೆಲವೊಮ್ಮೆ ನಾಯಕ ನಾಯಕಿಯರ ಚಿತ್ರ, ಕಂಪನಿಯ ವಿಳಾಸ ಎಲ್ಲ ಇರುತ್ತಿತ್ತು. ವಾದ್ಯ ನುಡಿಸಿದವರ ಹೆಸರಿಗೆ ಮಾತ್ರ ಜಾಗ ಸಾಲುತ್ತಿರಲಿಲ್ಲ.

ಬೇಸ್ ಗಿಟಾರ್ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನು ತಿಳಿಯದೆ ಹೊಗಳಿದರೆ ಅದು ಮುಖಸ್ತುತಿಯಾದೀತು. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ದಪ್ಪ ತಂತಿಗಳು. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇಲ್ಲಿ ಒಂದು ಸ್ಥಾಯಿ ಕೆಳಗಿರುತ್ತವೆ. ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮನುಷ್ಯರ ಕಿವಿಗೆ ಸುಮಾರು 20ರಿಂದ ಮೇಲಿನದು ಕೇಳಿಸುತ್ತದೆ ಎಂದು ನಾವು ಮಕ್ಕಳಿಗೆ ವಿಜ್ಞಾನದ ಪಾಠದಲ್ಲಿ ಹೇಳುತ್ತೇವಲ್ಲ, ಆ ಗಡಿಯ ಹತ್ತಿರ ನಿಂತು ಕೆಲಸ ಮಾಡುವ ವಾದ್ಯ ಇದು. ಕಿವಿಗಿಂತ ಮೊದಲು ಎದೆಗೂಡಿಗೆ, ಕೂತ ಕುರ್ಚಿಗೆ ತಿಳಿಯುತ್ತದೆ.

ಅದರ ಕೆಲಸ ಎರಡು. ಮೊದಲನೆಯದು, ಹಾಡುವವರ ಸ್ವರಕ್ಕೆ ಅರ್ಥ ಕೊಡುವುದು. ಗಾಯಕಿ 'ಸ' ಹಿಡಿದು ನಿಂತಿದ್ದಾಳೆ ಎನ್ನಿ. ಕೆಳಗೆ ಬೇಸ್ ಕೂಡ 'ಸ' ನುಡಿಸಿದರೆ ಮನೆಗೆ ಬಂದು ಕೂತ ನೆಮ್ಮದಿ. ಅವಳು ಕದಲದೆ ಅದೇ 'ಸ'ದಲ್ಲಿರುವಾಗ ಇವನು ಮಂದ್ರದ ಧೈವತಕ್ಕೆ ಇಳಿದನೋ, ಅದೇ ಸ್ವರದ ಮೇಲೆ ವಿಷಾದದ ನೆರಳು ಬೀಳುತ್ತದೆ. ಮಧ್ಯಮಕ್ಕೆ ಹೋದನೋ, ಅದೇ 'ಸ' ಎಲ್ಲಿಗೋ ಹೊರಟು ನಿಂತ ಹಾಗಾಗುತ್ತದೆ. ಹಾಡಿದವಳು ಏನನ್ನೂ ಬದಲಿಸಲಿಲ್ಲ. ನಾವು ಮಾತ್ರ "ಆಹಾ, ಎಂಥ ಭಾವ!" ಎಂದು ಅವಳನ್ನೇ ಹೊಗಳುತ್ತೇವೆ. ಹಾರ್ಮೋನಿಯಂ ಮನೆಯಲ್ಲಿರುವವರು ಎಡಗೈಯಲ್ಲಿ ಕೆಳಗಿನ ಸ್ವರ ಒತ್ತಿ, ಬಲಗೈಯಲ್ಲಿ 'ಸ' ಬಿಡದೆ ಹಿಡಿದು ಇದನ್ನು ಈಗಲೇ ಪರೀಕ್ಷಿಸಬಹುದು.

ಎರಡನೆಯದು, ತಾಳ ಮತ್ತು ಸ್ವರಗಳ ನಡುವೆ ಸಂಬಂಧ ಬೆಸೆಯುವುದು. ಡ್ರಮ್ಸ್ ನುಡಿಸುವವನು ಕಾಲಿನಿಂದ ಒದೆಯುವ ದೊಡ್ಡ ಡೋಲು ಮತ್ತು ಬೇಸ್ ಗಿಟಾರು ಒಟ್ಟಿಗೆ ಬಿದ್ದರೆ ಹಾಡಿಗೆ ನೆಲ ಸಿಕ್ಕಿತು. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೆ ಹಾಡು ಕುಂಟುತ್ತದೆ. ಏಕೆ ಕುಂಟುತ್ತಿದೆ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ. "ಯಾಕೋ ಇವತ್ತು ಹಾಡಿದವರು ಚೆನ್ನಾಗಿ ಹಾಡಲಿಲ್ಲ" ಎನ್ನುತ್ತಾರೆ.

ಇದು ನನ್ನ ಕಲ್ಪನೆಯಲ್ಲ. ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಲಾರೆಲ್ ಟ್ರೇನರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ. ಒಂದು ಮೇಲಿನ, ಒಂದು ಕೆಳಗಿನ ಸ್ವರವನ್ನು ಜೊತೆಜೊತೆಯಾಗಿ ಕೇಳಿಸುತ್ತಾ, ನಡುನಡುವೆ ಎರಡರಲ್ಲಿ ಒಂದನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಬೇಗ ಬರುವಂತೆ ಮಾಡಿದರು. ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದಾಗ, ಕೆಳಗಿನ ಸ್ವರ ತಪ್ಪಿದಾಗಲೇ ಮಿದುಳು ಹೆಚ್ಚು ಬೆಚ್ಚಿತು. ಅಂದರೆ ಲಯದ ವಿಷಯದಲ್ಲಿ ನಮ್ಮ ತಲೆ ನಂಬುವುದು ತಗ್ಗಿನ ದನಿಯನ್ನು. ಅದೇ ವಿಶ್ವವಿದ್ಯಾಲಯದವರು 2022ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒಂದು ಸಂಗೀತ ಕಾರ್ಯಕ್ರಮದಲ್ಲಿ, ಕಿವಿಗೆ ಕೇಳಿಸದಷ್ಟು ತಗ್ಗಿನ ನಾದದ ಸ್ಪೀಕರುಗಳನ್ನು ಆಗಾಗ ಹಚ್ಚಿ, ಆಗಾಗ ಆರಿಸಿದರು. ಹಚ್ಚಿದ್ದಾಗ ಜನ ಸುಮಾರು ಶೇ. 12ರಷ್ಟು ಹೆಚ್ಚು ಕುಣಿದರು. ಏಕೆ ಕುಣಿಯುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ನಮ್ಮ ಸೀಮೆಯ ಊಟದ ಭಾಷೆಯಲ್ಲಿ ಹೇಳುವುದಾದರೆ ಬೇಸ್ ಎಂದರೆ ಮುದ್ದೆ. ಬಸ್ಸಾರು ಬಡಿಸಿದರೆ "ಸಾರು ಘಮಘಮ" ಎನ್ನುತ್ತಾರೆ. ಉಪ್ಪಿನಕಾಯಿಗೂ ಒಂದು ಮೆಚ್ಚುಗೆ ಸಿಗುತ್ತದೆ. ಮುದ್ದೆ ನಯವಾಗಿ ಬಂದಿದೆ ಎಂದು ಬಾಯಿಬಿಟ್ಟು ಹೇಳಿದ ಗಂಡಸನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಆದರೆ ಮುದ್ದೆಯಲ್ಲಿ ಒಂದು ಗಂಟು ಸಿಗಲಿ, ಮನೆಯೆಲ್ಲ ಅದೇ ಮಾತು.

ಇನ್ನು ಈ ಅನ್ಯಾಯದ ಚರಿತ್ರೆಗೆ ಬರೋಣ. ಅಮೆರಿಕದ ಲಿಯೋ ಫೆಂಡರ್ ಎಂಬಾತ ಬೇಸ್ ಗಿಟಾರನ್ನು 1951ರಲ್ಲಿ ಮಾರುಕಟ್ಟೆಗೆ ತಂದ. ಅದಕ್ಕೂ ಮುಂಚೆ ಇದೇ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಬಸ್ಸಿಗೆ ಹತ್ತಿಸುವುದೇ ಒಂದು ಸಾಹಸ. ಹೊಸ ವಾದ್ಯ ಬಂದ ಮೇಲೂ ಅದನ್ನು ಹಿಡಿಯಲು ಹುಡುಗರು ಮುಂದಾಗುತ್ತಿರಲಿಲ್ಲ. ಪ್ರಪಂಚವೆಲ್ಲ ಕೊಂಡಾಡಿದ ಬೀಟಲ್ಸ್ ತಂಡದಲ್ಲೂ 1961ರಲ್ಲಿ ಮೊದಲಿದ್ದ ಬೇಸ್ ವಾದಕ ಬಿಟ್ಟುಹೋದಾಗ ಮಿಕ್ಕವರಿಗೆ ಅದು ಬೇಡವಾಗಿತ್ತು. ಕೊನೆಗೆ ಪಾಲ್ ಮೆಕಾರ್ಟ್ನಿಯ ತಲೆಗೆ ಕಟ್ಟಿದರು. ಅವನು ಅದರಲ್ಲೇ ಪವಾಡ ಮಾಡಿದ. ಆದರೆ ಅವನು ಹಾಡುತ್ತಲೂ ಇದ್ದುದರಿಂದ ಜನ ಅವನನ್ನು ಕಂಡರು ಎಂಬುದನ್ನು ಮರೆಯಬಾರದು.

ಹಾಡದವರ ಗತಿ ನೋಡಿ. ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿ 1960ರ ದಶಕದಲ್ಲಿ ಹೊರತಂದ ಜನಪ್ರಿಯ ಹಾಡುಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದವನು ಜೇಮ್ಸ್ ಜೇಮರ್ಸನ್ ಎಂಬ ಕಪ್ಪು ಜನಾಂಗದ ಕಲಾವಿದ. ಒಂದೇ ಬೆರಳಿನಿಂದ ತಂತಿ ಮೀಟುತ್ತಿದ್ದ ಆತನನ್ನು ಅನುಕರಿಸದ ಬೇಸ್ ವಾದಕ ಇಂದಿಗೂ ವಿರಳ. ಆದರೂ ಆ ಕಂಪನಿ ತನ್ನ ರೆಕಾರ್ಡುಗಳ ಮೇಲೆ ವಾದ್ಯಗಾರರ ಹೆಸರು ಹಾಕಲು ಶುರುಮಾಡಿದ್ದು 1971ರಲ್ಲಿ, ಮಾರ್ವಿನ್ ಗೇಯ ಒಂದು ಆಲ್ಬಂನಿಂದ. ಅಷ್ಟು ಹೊತ್ತಿಗೆ ಅವನ ಒಳ್ಳೆಯ ವರ್ಷಗಳೆಲ್ಲ ಹೆಸರಿಲ್ಲದೆ ಕಳೆದಿದ್ದವು. 1983ರಲ್ಲಿ, 47ರ ವಯಸ್ಸಿಗೆ ತೀರಿಕೊಂಡ. ರಾಕ್ ಸಂಗೀತದವರು ತಮ್ಮ ಗೌರವದ ಪಟ್ಟಿಗೆ ಅವನನ್ನು ಸೇರಿಸಿಕೊಂಡದ್ದು 2000ದಲ್ಲಿ. ಬದುಕಿದ್ದಾಗ ಮಜ್ಜಿಗೆ ಕೊಡದೆ, ಸತ್ತ ಮೇಲೆ ತಿಥಿಗೆ ಹೋಳಿಗೆ ಮಾಡಿದ ಹಾಗೆ.

ಹೆಂಗಸರ ಪೈಕಿ ಕ್ಯಾರಲ್ ಕೇ ಎಂಬಾಕೆಯ ಹೆಸರು ನಮಗೆ ಗೊತ್ತಿರಬೇಕಿತ್ತು. 1935ರಲ್ಲಿ ಹುಟ್ಟಿದ ಈಕೆ ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸಿ ಸಂಸಾರ ಸಾಗಿಸುತ್ತಿದ್ದಳು. 1963ರಲ್ಲಿ ಒಂದು ದಿನ ಬೇಸ್ ನುಡಿಸಬೇಕಾದವನು ಬರಲಿಲ್ಲ. ಆಕೆಯ ಕೈಗೆ ಬೇಸ್ ಕೊಟ್ಟರು. ಆಮೇಲೆ ಸಾವಿರಾರು ಧ್ವನಿಮುದ್ರಣಗಳಲ್ಲಿ ಆಕೆಯದೇ ಕೈ. ಬೀಚ್ ಬಾಯ್ಸ್‌ನಂಥ ತಂಡಗಳ ಹಾಡುಗಳನ್ನು ಕೇಳಿದವರು ತಂಡದ ಹುಡುಗರ ಮುಖಗಳನ್ನು ಪೋಸ್ಟರುಗಳಲ್ಲಿ ಕಂಡರು. ಸ್ಟುಡಿಯೋದೊಳಗೆ ಕೂತಿದ್ದ ಈ ಮಕ್ಕಳ ತಾಯಿ ಕಾಣಲಿಲ್ಲ.

ನಮ್ಮಲ್ಲೇನು ಕಡಿಮೆಯೇ? ಶರೀಫರ ತತ್ವಪದಗಳನ್ನು ಗಿಟಾರಿನ ಮೇಲೆ ಕೂರಿಸಿ ಹೊರದೇಶದವರೆಗೆ ಕೊಂಡೊಯ್ದ ಬೆಂಗಳೂರಿನ ರಘು ದೀಕ್ಷಿತ್ ತಂಡದ ಮೊದಲ ಆಲ್ಬಂ 2008ರಲ್ಲಿ ಬಂತು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕುಣಿಯುವ ರಘು ಅವರನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಆ ತಂಡದಲ್ಲಿ ಹಲವು ವರ್ಷ ಬೇಸ್ ನುಡಿಸಿದ ಗೌರವ್ ವಾಜ್ ಅವರ ಹೆಸರನ್ನು ಎಷ್ಟು ಮಂದಿ ಬಲ್ಲರು? ದೆಹಲಿಯ ಇಂಡಿಯನ್ ಓಷನ್ ತಂಡದ ರಾಹುಲ್ ರಾಮ್ ಅವರದು ಇನ್ನೂ ಸ್ವಾರಸ್ಯದ ಸಂಗತಿ. ಆತ ಸಸ್ಯವಿಜ್ಞಾನಿ ಎಚ್.ವೈ. ಮೋಹನರಾಂ ಅವರ ಮಗ. ಅಂದರೆ ಕರ್ನಾಟಕ ಸಂಗೀತದ ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ ಅವರ ಮೊಮ್ಮಗ, ಎಚ್.ವೈ. ಶಾರದಾಪ್ರಸಾದರ ತಮ್ಮನ ಮಗ. ಕೀರ್ತನೆ ಕಟ್ಟಿದ ಮನೆತನದ ಕುಡಿ ರಾಕ್ ತಂಡದಲ್ಲಿ ಬೇಸ್ ಹಿಡಿದು ಮೂರು ದಶಕ ದಾಟಿತು. ಕನ್ನಡದವರು ಇದನ್ನು ಹೆಮ್ಮೆಯಿಂದ ಹೇಳಿಕೊಂಡದ್ದನ್ನು ನಾನು ಅಷ್ಟಾಗಿ ಕೇಳಿಲ್ಲ. ಮುಂಬಯಿಯ ಮೋಹಿನಿ ಡೇ ತಂದೆಯಿಂದ ಚಿಕ್ಕಂದಿನಲ್ಲೇ ಬೇಸ್ ಕಲಿತು ಎ.ಆರ್. ರೆಹಮಾನ್ ಅವರ ಕಛೇರಿಗಳಲ್ಲಿ ನುಡಿಸಿದ ಹೆಣ್ಣುಮಗಳು. ಆಕೆಯ ಬೆರಳುಗಳ ವೇಗ ನೋಡಿದರೆ ಬೇಸ್ ಎಂದರೆ ಸೋಮಾರಿಗಳ ವಾದ್ಯ ಎನ್ನುವವರ ಬಾಯಿ ತಾನಾಗಿ ಮುಚ್ಚೀತು.

ಇಷ್ಟು ದೂರ ಏಕೆ, ನಮ್ಮ ಕಡೆಯ ಸಂಗತಿಯನ್ನೇ ಹೇಳುತ್ತೇನೆ. ನನ್ನ ಅಕ್ಕನ ಮಗ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಾನೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ರಾಜ್ಯೋತ್ಸವದಲ್ಲಿ ಅವರ ತಂಡದ ಕಾರ್ಯಕ್ರಮ. ಕೊನೆಯಲ್ಲಿ ಕಲಾವಿದರಿಗೆ ಶಾಲು ಹೊದಿಸಿದರು. ಗಾಯಕರಿಗೆ, ಕೀಬೋರ್ಡಿನವರಿಗೆ, ಡ್ರಮ್ಸಿನವರಿಗೆ, ತಬಲದವರಿಗೆ, ಲೀಡ್ ಗಿಟಾರಿನವರಿಗೆ. ಕಡೆಗೆ ಮೈಕಿನ ವ್ಯವಸ್ಥೆ ಮಾಡಿದವರಿಗೂ ಆಯಿತು, ಅದು ಸರಿಯೇ. ಇವನು ಮಾತ್ರ ಕೈಕಟ್ಟಿಕೊಂಡು ನಿಂತಿದ್ದ. ನಾನು ತಡೆಯಲಾರದೆ ಕಾರ್ಯದರ್ಶಿಗಳನ್ನು ಕೇಳಿದೆ. ಅವರು ಬಹಳ ವಿನಯದಿಂದ, "ಮೇಡಂ, ಗಿಟಾರಿನವರಿಗೆ ಕೊಟ್ಟಾಯಿತಲ್ಲ" ಎಂದರು. ಅವರ ಲೆಕ್ಕದಲ್ಲಿ ಇಬ್ಬರೂ ಗಿಟಾರಿನವರು, ಒಂದು ಶಾಲು ಸಾಕು. ಎರಡು ಬಸ್ಸು ಬಂದರೆ ಎರಡೂ ಬಸ್ಸೇ ಎಂದು ಒಂದಕ್ಕೇ ಡೀಸೆಲ್ ಹಾಕುತ್ತಾರೆಯೇ?

ಶಾಲು ಹೋಗಲಿ, ಸಂಭಾವನೆಯ ಮಾತು ಬಂದಾಗಲೂ ಇದೇ ಹಾಡು. ಆಯೋಜಕರು ಚೌಕಾಸಿಗೆ ಇಳಿದರೆ ತಂಡದಿಂದ ಮೊದಲು ಹೊರಬೀಳುವವನು ಬೇಸಿನವನು. "ಕೀಬೋರ್ಡಿನವರು ಎಡಗೈಯಲ್ಲಿ ಅಷ್ಟಿಷ್ಟು ಒತ್ತಿಕೊಳ್ಳುತ್ತಾರೆ ಬಿಡಿ" ಎನ್ನುತ್ತಾರೆ. ಈಗ ಅದೂ ಹೋಗಿ ಟ್ರ್ಯಾಕ್ ಬಂದಿದೆ. ಪೆನ್‌ಡ್ರೈವ್ ಸಿಕ್ಕಿಸಿದರೆ ಇಡೀ ವಾದ್ಯವೃಂದ ಅದರೊಳಗೆ. ಇದರ ಜೊತೆಗೆ ಮೊಬೈಲಿನ ಕಾಟ. ಆ ಪುಟ್ಟ ಸ್ಪೀಕರಿಗೆ ಇಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮೊಬೈಲಿನಲ್ಲೇ ಹಾಡು ಕೇಳಿ ಬೆಳೆದ ಮಗು ಹಾಡಿನ ಸೊಂಟದಿಂದ ಮೇಲಿನ ಭಾಗವನ್ನು ಮಾತ್ರ ಕೇಳಿದೆ. ಕಾಲುಗಳಿರುವುದು ಅದಕ್ಕೆ ಗೊತ್ತಿಲ್ಲ.

ಇದು ಪಾಶ್ಚಾತ್ಯ ಸಂಗೀತದ ರೋಗ, ನಮ್ಮ ಸಂಪ್ರದಾಯದಲ್ಲಿ ಹೀಗಿಲ್ಲ ಎನ್ನುವವರಿದ್ದಾರೆ. ಅವರಿಗೆ ತಂಬೂರಿಯನ್ನು ತೋರಿಸುತ್ತೇನೆ. ಅದಕ್ಕೂ ನಾಲ್ಕೇ ತಂತಿ. ಬೇಸಿನ ಹಾಗೆ ಅದು ನಡೆಯುವುದಿಲ್ಲ, ಒಂದೆಡೆ ನಿಂತಿರುತ್ತದೆ. ಆದರೆ ಎಲ್ಲರನ್ನೂ ಹೊರುವ ಕೆಲಸ ಒಂದೇ. ಶ್ರುತಿ ತಾಯಿ, ಲಯ ತಂದೆ ಎಂಬ ದೊಡ್ಡ ಮಾತು ನಮ್ಮ ಸಂಗೀತದವರದು. ಹಾಗೆಂದು ಹೇಳಿ ಆ ತಾಯಿಯನ್ನು ಎಲ್ಲಿ ಕೂರಿಸುತ್ತಾರೆ? ಗಾಯಕರ ಬೆನ್ನ ಹಿಂದೆ. ಎರಡೂವರೆ ಗಂಟೆ ಅಲುಗಾಡದೆ ಮೀಟಿದ ಹುಡುಗಿಯ ಹೆಸರು ಎಷ್ಟು ಆಮಂತ್ರಣ ಪತ್ರಿಕೆಗಳಲ್ಲಿ ಇರುತ್ತದೆ? ಪಿಟೀಲು, ಮೃದಂಗ, ಘಟ, ಖಂಜಿರ ಎಂಬ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. 1970ರ ದಶಕದ ಕೊನೆಯ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೇ ಜಿ. ರಾಜನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ಅದೊಂದು ವರ, ಸಂದೇಹವಿಲ್ಲ. ಆದರೆ ಆ ಡಬ್ಬಿ ಅಭ್ಯಾಸದ ಕೋಣೆಯಿಂದ ವೇದಿಕೆಗೂ ಬಂತು. ಹಿಂದೆ ಕೂತಿದ್ದ ಹುಡುಗಿ ಎದ್ದು ಹೋದಳು. ಅವಳು ಹೋದದ್ದನ್ನು ಯಾರೂ ಗಮನಿಸಲಿಲ್ಲ, ಬಂದದ್ದನ್ನೇ ಗಮನಿಸಿರಲಿಲ್ಲವಲ್ಲ.

ಮದುವೆಯ ವಾಲಗದಲ್ಲಿ ಒತ್ತು ಊದುವವರೂ ಹೀಗೆಯೇ. ನಾಗಸ್ವರದವರ ಪಕ್ಕದಲ್ಲಿ ಕೂತು, ಮೂಗಿನಲ್ಲಿ ಉಸಿರೆಳೆಯುತ್ತಾ ಕೆನ್ನೆಯಿಂದ ಗಾಳಿ ತಳ್ಳುತ್ತಾ, ಒಂದೇ ಸ್ವರವನ್ನು ಕಡಿಯದೆ ಊದುತ್ತಿದ್ದರು. ಮುಹೂರ್ತದಿಂದ ಊಟದವರೆಗೆ ಅದೇ ಕೆಲಸ. ಅವರ ಜಾಗಕ್ಕೂ ಶ್ರುತಿ ಪೆಟ್ಟಿಗೆ ಬಂದಿದೆ. ಆದ್ದರಿಂದ ಸಂಪ್ರದಾಯ, ಪಾಶ್ಚಾತ್ಯ ಎಂಬ ಭೇದ ಇಲ್ಲಿ ನಡೆಯದು. ಕೆಳಗಿನಿಂದ ಹೊತ್ತವರನ್ನು ಮರೆಯುವುದರಲ್ಲಿ ಪೂರ್ವ ಪಶ್ಚಿಮಗಳು ಚೆನ್ನಾಗಿ ಕೈಜೋಡಿಸಿವೆ.

ನನ್ನ ಜೊತೆ ವಾದಕ್ಕೆ ಬರುವವರು ಮೂರು ಮಾತು ಹೇಳುತ್ತಾರೆ. ಬೇಸ್ ಸುಲಭ, ಬೇರೆ ವಾದ್ಯ ಬಾರದವರು ಅದಕ್ಕೆ ಹೋಗುತ್ತಾರೆ ಎಂಬುದು ಒಂದು. ಶುರುಮಾಡುವುದು ಸುಲಭವಿರಬಹುದು, ಒಂದು ಹೊತ್ತಿಗೆ ಒಂದೇ ಸ್ವರ ತಾನೇ. ಒಂದನೇ ತರಗತಿಗೆ ಪಾಠ ಹೇಳುವುದೂ ಸುಲಭವೆಂದೇ ಜನ ತಿಳಿದಿದ್ದಾರೆ, ಅ ಆ ಇ ಈ ತಾನೇ. ಹೇಳಿ ನೋಡಲಿ. ಲೀಡ್ ಗಿಟಾರಿನವನು ಒಂದು ಸ್ವರ ತಪ್ಪಿದರೆ ಒಂದು ಸ್ವರ ಕೆಡುತ್ತದೆ. ಬೇಸಿನವನು ತಪ್ಪಿದರೆ ಮೇಲಿರುವ ಎಲ್ಲರೂ ತಪ್ಪಿದಂತೆ ಕೇಳಿಸುತ್ತದೆ. ಅಷ್ಟು ಹೊಣೆ ಹೊತ್ತು ಒಂದೇ ಸ್ವರ ನುಡಿಸುವುದಕ್ಕೆ ಧೈರ್ಯ ಬೇಕು. ಎಲ್ಲಿ ನುಡಿಸಬಾರದು ಎಂದು ತಿಳಿಯುವುದಕ್ಕೆ ಅದಕ್ಕಿಂತ ಹೆಚ್ಚಿನ ವಿವೇಕ ಬೇಕು.

ಎರಡನೆಯ ಮಾತು, ಅವರಿಗೇ ಹಿಂದೆ ನಿಲ್ಲುವುದು ಇಷ್ಟ ಎಂಬುದು. ಇದ್ದೀತು. ನನ್ನ ಅಕ್ಕನ ಮಗನಿಗೂ ಮುಂದೆ ಬಂದು ಕುಣಿಯುವ ಆಸೆಯಿಲ್ಲ. ಆದರೆ ಹಿಂದೆ ನಿಲ್ಲುವುದು ಬೇರೆ, ಲೆಕ್ಕಕ್ಕೆ ಸೇರದಿರುವುದು ಬೇರೆ. "ಅವಳಿಗೆ ಅಡುಗೆಮನೆಯೇ ಇಷ್ಟ" ಎಂದು ಎಷ್ಟು ತಲೆಮಾರು ಹೇಳಿಕೊಂಡು ಬಂದರು ಎಂಬುದು ಈ ಪುಟ ಓದುವ ನಿಮಗೆ ನಾನು ಹೇಳಬೇಕಾದ್ದಿಲ್ಲ. ಇಷ್ಟಪಟ್ಟು ಮಾಡಿದ ಕೆಲಸಕ್ಕೆ ಕೂಲಿಯೂ ಬೇಡ, ಹೆಸರೂ ಬೇಡ ಎಂದು ತೀರ್ಮಾನಿಸುವವರು ಯಾವಾಗಲೂ ಆ ಕೆಲಸ ಮಾಡದವರೇ.

ಮೂರನೆಯದು ಬಹಳ ಗಂಭೀರವಾಗಿ ಹೇಳುವ ಮಾತು. "ಅವರು ಅಡಿಪಾಯ ಇದ್ದ ಹಾಗೆ ಮೇಡಂ, ಅಡಿಪಾಯ ಕಣ್ಣಿಗೆ ಕಾಣಬಾರದು." ಕೇಳಲು ಚೆನ್ನಾಗಿದೆ. ಆದರೆ ಅಡಿಪಾಯಕ್ಕೆ ಹೊಟ್ಟೆಯಿಲ್ಲ, ಮನೆ ಬಾಡಿಗೆಯಿಲ್ಲ, ಮಕ್ಕಳ ಫೀಜಿಲ್ಲ. ಅಲ್ಲದೆ ನಮ್ಮ ತಾಲ್ಲೂಕಿನಲ್ಲಿ ಒಂದು ಚರಂಡಿಗೆ ಗುದ್ದಲಿಪೂಜೆಯಾದರೂ ಅಡಿಗಲ್ಲಿನ ಮೇಲೆ ಶಾಸಕರಿಂದ ಹಿಡಿದು ಗುತ್ತಿಗೆದಾರರವರೆಗೆ ಹನ್ನೆರಡು ಹೆಸರು ಕೆತ್ತಿರುತ್ತಾರೆ. ಕಲ್ಲಿನ ಅಡಿಪಾಯಕ್ಕೆ ಅಷ್ಟು ಹೆಸರು, ಹಾಡಿನ ಅಡಿಪಾಯಕ್ಕೆ ಒಂದೂ ಬೇಡವೇ?

ಗಾಯಕರಿಗಿಂತ ಬೇಸಿನವರು ದೊಡ್ಡವರು ಎಂದು ನಾನು ಹೇಳುತ್ತಿಲ್ಲ. ಜಾನಕಿಯಮ್ಮನ ದನಿಯ ಎದುರು ಯಾರನ್ನು ನಿಲ್ಲಿಸಲಿ? ನಾನು ಕೇಳುವುದು ಬಹಳ ಸಣ್ಣ ಸಂಗತಿಗಳು. ಹೊಗಳಿಕೆ ಬೇಡ, ಹೆಸರು ಬೇಕು. ನಿರೂಪಕರು ತಂಡವನ್ನು ಪರಿಚಯಿಸುವಾಗ "ಬೇಸ್ ಗಿಟಾರಿನಲ್ಲಿ ಇಂಥವರು" ಎಂದು ಬಿಡಿಸಿ ಹೇಳಬೇಕು. ಸಂಭಾವನೆಯಲ್ಲಿ ಲೀಡ್ ಗಿಟಾರಿನವರಿಗೂ ಇವರಿಗೂ ಭೇದವಿರಬಾರದು. ತಂಬೂರಿಗೆ ಕೂತ ಹುಡುಗಿಗೆ ಬಸ್ ಚಾರ್ಜಲ್ಲ, ಸಂಭಾವನೆಯನ್ನೇ ಲಕೋಟೆಯಲ್ಲಿ ಕೊಡಬೇಕು. ಮನೆಯಲ್ಲಿ ಮಗಳು ಗಿಟಾರು ಕಲಿಯುತ್ತೇನೆ ಎಂದರೆ ಬೇಸ್ ಕೂಡ ಒಂದು ದಾರಿಯೆಂದು ಅವಳಿಗೆ ತಿಳಿಸಿ. ಲೀಡ್ ಗಿಟಾರಿಗೆ ಬೀದಿಗೆ ಹತ್ತು ಹುಡುಗರು ಸಾಲು ನಿಂತಿದ್ದಾರೆ. ಒಳ್ಳೆಯ ಬೇಸಿನವರಿಗಾಗಿ ತಂಡಗಳು ಹುಡುಕಾಡುತ್ತಿರುತ್ತವೆ.

ಇದನ್ನೆಲ್ಲ ಮಾಡಿಸುವುದು ನಮ್ಮ ಕೈಯಲ್ಲಿದೆಯೇ ಎಂದರೆ, ಇದೆ. ನಮ್ಮ ಊರುಗಳಲ್ಲಿ ಮಹಿಳಾ ಸಮಾಜದ ವಾರ್ಷಿಕೋತ್ಸವ, ಶಾಲೆಯ ಹಬ್ಬ, ಗಣೇಶನ ಪೆಂಡಾಲು, ಯಾವುದಾದರೂ ಒಂದರ ಸಮಿತಿಯಲ್ಲಿ ನಾವು ಇದ್ದೇ ಇರುತ್ತೇವೆ. ಆಮಂತ್ರಣ ಪತ್ರಿಕೆಯ ಕರಡನ್ನು ಕಾಗುಣಿತ ನೋಡಿಕೊಡಿ ಎಂದು ನಮ್ಮ ಕೈಗೇ ತಂದುಕೊಡುತ್ತಾರೆ. ಈ ಸಲ ಹಾಗೆ ಬಂದಾಗ ದೀರ್ಘ, ಒತ್ತಕ್ಷರಗಳನ್ನು ತಿದ್ದಿ ಸುಮ್ಮನಾಗಬೇಡಿ. ಕಲಾವಿದರ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಬೇಸ್ ಗಿಟಾರ್ ಎಂಬ ಸಾಲು, ತಂಬೂರಿ ಎಂಬ ಸಾಲು ಇಲ್ಲದಿದ್ದರೆ ಫೋನು ಮಾಡಿ ಹೆಸರು ಕೇಳಿ, ನಿಮ್ಮ ಕೈಯಾರೆ ಬರೆದು, ಆಮೇಲೆ ಪ್ರೆಸ್ಸಿಗೆ ಕಳಿಸಿ.